ಹದಿನೆಂಟು ಪೌಂಡು ಗಾಳಿ

ಆದಂ ಯಾರ್ಡ್
8 ಅಕ್ಟೋಬರ್ 1986

ಶ್ರೀ ಉಮರಬ್ಬ, ಘಾಲಾ ವರ್ಕ್‌ಶಾಪ್, ಇವರಿಗೆ,

ಈ ಕಾಗದವನ್ನು ನಾನು ಇಷ್ಟಪಟ್ಟು ಬರೆಯುತ್ತಿಲ್ಲ. ಮ್ಯಾನೇಜರ್ ಹೇಳಿದ್ದಾರೆ, ಬರೆಯುತ್ತಿದ್ದೇನೆ. ಮೇ ತಿಂಗಳಿಂದ ನಿಂತಿದ್ದ ಮರಳುಗಾಡಿನ ಕ್ಯಾಂಪು ಪುನಃ ಶುರುವಾಗಿದೆ. ವಾರಕ್ಕೊಮ್ಮೆ ಇಲ್ಲಿಂದ ಅಕ್ಕಿ, ನೀರು, ಗ್ಯಾಸ್ ಹೋಗಬೇಕು. ಅರವತ್ತು ಕಿಲೋಮೀಟರಿನಲ್ಲಿ ಮೊದಲ ಎಂಟು ಗಟ್ಟಿ ನೆಲ, ಉಳಿದದ್ದೆಲ್ಲ ಮರಳು. ಹೊಸ ಡ್ರೈವರನ ವೀಸಾ ಬರುವ ತನಕ ಸ್ಟೋರಿನವನಾದ ನಾನೇ ಗಾಡಿ ಬಿಡಬೇಕಂತೆ. ನನ್ನಲ್ಲಿ ಲೈಸನ್ಸ್ ಉಂಟು. ಮಸ್ಕತ್ತಿನ ಡಾಂಬರು ರಸ್ತೆಯಲ್ಲಿ ಕಾರು ಓಡಿಸಿದ್ದೇನೆ. ಫೋರ್ ವೀಲ್ ಪಿಕಪ್ಪಿನ ಎರಡನೆಯ ಗೇರ್ ಕೋಲನ್ನು ಇದುವರೆಗೆ ಮುಟ್ಟಿದವನಲ್ಲ.

ಮರಳಿನಲ್ಲಿ ಹದಿನಾಲ್ಕು ವರ್ಷ ಗಾಡಿ ಓಡಿಸಿದವರು ಕಂಪನಿಯಲ್ಲಿ ನೀವೊಬ್ಬರೇ ಎಂದು ಮ್ಯಾನೇಜರ್ ಹೇಳಿದರು. ಆ ಹದಿನಾಲ್ಕು ವರ್ಷ ಎಷ್ಟು ಉಪಯೋಗಕ್ಕೆ ಬಂತು ಎಂಬುದು ನನಗೆ ಗೊತ್ತುಂಟು. ನಿಮ್ಮ ಗಾಡಿಯಲ್ಲಿ ಹೋದ ಅಡುಗೆಯ ಕೊಗ್ಗನನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಊರಿಗೆ ಕಳಿಸಿದವನು ನಾನು.

ನಿಮಗೆ ಸೈಟಿಗೆ ಬರಲು ಪರ್ಮಿಟ್ ಇಲ್ಲ. ನನಗೆ ಸ್ಟೋರ್ ಬಿಟ್ಟು ಘಾಲಾಕ್ಕೆ ಬರಲು ಆಗುವುದಿಲ್ಲ. ಆದ್ದರಿಂದ ಗೊತ್ತಿರುವುದನ್ನು ಬರೆದು ಸಪ್ಲೈ ಲಾರಿಯ ಮೋನುವಿನ ಕೈಯಲ್ಲಿ ಕಳಿಸಿ. ವಿಷಯ ಬಿಟ್ಟು ಬೇರೇನೂ ಬರೆಯದಿದ್ದರೆ ಉಪಕಾರ.

ಸ್ಟ್ಯಾನಿ
ಸ್ಟೋರ್ ಇನ್‌ಚಾರ್ಜ್


ಘಾಲಾ
13-10-86

ಸ್ಟೋರಿನ ಸ್ಟ್ಯಾನಿಯವರಿಗೆ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ಚೆನ್ನಾಗಿಯೇ ಇರುತ್ತೀರಿ. ಬೇರೆಯವರ ಅನ್ನಕ್ಕೆ ಮಣ್ಣು ಹಾಕಿದವರಿಗೆ ಎಂತ ಕಮ್ಮಿ?

ಐದು ತಿಂಗಳಿಂದ ಇಲ್ಲಿ ಗಾಡಿಗಳ ಅಡಿಗೆ ಮಲಗಿ ಗ್ರೀಸ್ ಹೊಡೆಯುತ್ತಿದ್ದೇನೆ. ನನ್ನಿಂದ ಕೆಲಸ ಕಲಿತ ಪಾಕಿಸ್ತಾನಿ ಹುಡುಗರು ಈಗ ನನಗೇ "ಚಾಚಾ, ಬಾಲ್ದಿ ಲಾವೋ" ಎನ್ನುತ್ತಾರೆ. ಎಲ್ಲ ನಿಮ್ಮ ಒಂದು ರಿಪೋರ್ಟಿನ ಮಹಿಮೆ. ಈಗ ಅದೇ ಕೈ ಬಂದು ಮರಳಿನಲ್ಲಿ ಹೋಗುವುದು ಹೇಗೆಂದು ಹೇಳಿಕೊಡಿ ಎನ್ನುತ್ತದೆ. ನಾಚಿಕೆ ಎಂಬ ಮಾಲು ನಿಮ್ಮ ಸ್ಟೋರಿನಲ್ಲಿ ಸ್ಟಾಕ್ ಇಲ್ಲವೋ?

ಹೇಳಿಕೊಡುತ್ತೇನೆ. ನಿಮಗಾಗಿ ಅಲ್ಲ. ಕ್ಯಾಂಪಿನಲ್ಲಿರುವ ಹನ್ನೊಂದು ಹೊಟ್ಟೆಗಾಗಿ.

ಎರಡನೆಯ ಕೋಲು ಎಳೆದ ಕೂಡಲೇ ನಾಲ್ಕು ಚಕ್ರವೂ ತಿರುಗುತ್ತದೆಂದು ತಿಳಿಯಬೇಡಿ. ಮುಂದಿನ ಎರಡು ಚಕ್ರಗಳ ಹೊರಮೈಯ ನಡುವಿನಲ್ಲಿ ಕೈಯಲ್ಲಿ ತಿರುಗಿಸುವ ಒಂದೊಂದು ಬಿಲ್ಲೆ ಉಂಟು, ಹಬ್ ಎನ್ನುತ್ತಾರೆ. ಕೆಳಗಿಳಿದು, ಬೆನ್ನು ಬಗ್ಗಿಸಿ, ಎರಡನ್ನೂ ಲಾಕ್ ಕಡೆಗೆ ತಿರುಗಿಸಬೇಕು. ಬೆನ್ನು ಬಗ್ಗಿಸುವುದು ನಿಮಗೆ ಕಷ್ಟ, ಆದರೂ ಬಗ್ಗಿಸಿ. ಸ್ಟಿಯರಿಂಗಿನ ಒಳಗೆ ಹೆಬ್ಬೆರಳು ತೂರಿಸಬೇಡಿ. ಚಕ್ರ ಕಲ್ಲಿಗೆ ಬಡಿದರೆ ಸ್ಟಿಯರಿಂಗ್ ಗಿರ್ರೆಂದು ತಿರುಗಿ ಬೆರಳು ಮುರಿಯುತ್ತದೆ. ರಿಪೋರ್ಟ್ ಬರೆಯುವ ಕೈ, ಜಾಗ್ರತೆ ಬೇಕಲ್ಲ!

ಇನ್ನು ಗಾಳಿ. ಡಾಂಬರಿಗೆ ನಲವತ್ತು ಪೌಂಡು, ಮರಳಿಗೆ ಹದಿನೆಂಟು. ಟೈರು ಮೆತ್ತಗಾಗಿ ಒಂಟೆಯ ಪಾದದ ಹಾಗೆ ಅಗಲವಾಗಿ ಕೂರಬೇಕು. ಗಟ್ಟಿ ಟೈರು ಮರಳನ್ನು ಕೊಯ್ದುಕೊಂಡು ಒಳಗಿಳಿಯುತ್ತದೆ. ಆ ದಿನವೂ ನಾನು ಹದಿನೆಂಟೇ ಇಟ್ಟಿದ್ದೆ. ನೀವು ನಲವತ್ತು ಎಂದು ಬರೆದಿರಿ. ಗಾಳಿಯನ್ನೇ ಬಿಡದೆ ಮರಳಿಗಿಳಿದ, ಮೇಲಿಂದ ಸುಳ್ಳು ಬೇರೆ ಹೇಳಿದ ಎಂದು ಪರ್ಮಿಟ್ ಕಿತ್ತುಕೊಂಡರು. ಜನವರಿಯಲ್ಲಿ ವೀಸಾ ಮುಗಿಯುತ್ತದೆ. ಖಲಾಸ್, ಊರಿಗೆ ಹೋಗು ಅಂದಿದ್ದಾರೆ. ಆ ನಲವತ್ತನ್ನು ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಉಮರಬ್ಬ


ಆದಂ ಯಾರ್ಡ್
20 ಅಕ್ಟೋಬರ್ 1986

ಶ್ರೀ ಉಮರಬ್ಬ ಅವರಿಗೆ,

ಮೊದಲ ಟ್ರಿಪ್ ಮುಗಿಯಿತು. ಹೋಗಲು ಏಳು ಗಂಟೆ, ಬರಲು ಐದು. ಗಟ್ಟಿ ನೆಲ ಮುಗಿಯುವಲ್ಲಿ ಇಳಿದು ಗಾಳಿ ಬಿಟ್ಟೆ, ಹಬ್ ತಿರುಗಿಸಿದೆ. ಆದರೂ ಮೂರು ಸಲ ಹೂತುಕೊಂಡೆ. ಒಂದು ಸಲವಂತೂ ದಾರಿ ನೋಡಲೆಂದು ಬ್ರೇಕ್ ಹಾಕಿ ನಿಲ್ಲಿಸಿದ್ದಷ್ಟೆ, ಆಮೇಲೆ ಗಾಡಿ ಹಂದಾಡಲಿಲ್ಲ. ಎಡಗೈಯ ಹೆಬ್ಬೆರಳು ಊದಿಕೊಂಡಿದೆ. ಓದಿ ಸಂತೋಷಪಡಿ.

ರಿಪೋರ್ಟಿನ ವಿಷಯ ಬೇಡವೆಂದಿದ್ದೆ, ನೀವು ಎತ್ತಿದಿರಿ. ಹಾಗಾದರೆ ಕೇಳಿ. ನಿಮ್ಮ ಗಾಡಿಯನ್ನು ಎಳೆದು ತರಲು ಹೋದವರಲ್ಲಿ ನಾನೂ ಇದ್ದೆ. ನೀವು ಕೊಗ್ಗನ ಜೊತೆ ಇನ್ನೊಂದು ಗಾಡಿಯಲ್ಲಿ ಆಸ್ಪತ್ರೆಗೆ ಹೋದ ಮೇಲೆ ನಾಲ್ಕು ಟೈರಿಗೂ ಗೇಜ್ ಇಟ್ಟವನು ನಾನು. ನಲವತ್ತು, ನಲವತ್ತು, ನಲವತ್ತೊಂದು, ನಲವತ್ತು. ಗೇಜಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಅದು ಕಂಡದ್ದನ್ನು ಹೇಳಿತು, ನಾನು ಬರೆದೆ. ಪ್ರಾಯವಾದವರು ನೀವು. ಮರೆತೆ ಎಂದಿದ್ದರೆ ಆಗಿತ್ತು. ಹದಿನೆಂಟು ಇಟ್ಟಿದ್ದೆ ಎಂದು ಮ್ಯಾನೇಜರ್ ಎದುರು ಆಣೆ ಹಾಕಿದಿರಲ್ಲ, ಆಗಲೇ ನಿಮ್ಮ ಮೇಲಿದ್ದ ಮರ್ಯಾದೆ ಹೋಯಿತು.

ನಿಲ್ಲಿಸುವುದು ಹೇಗೆಂದು ತಿಳಿಸಿ.

ಸ್ಟ್ಯಾನಿ


ಘಾಲಾ
27-10-86

ಸ್ಟ್ಯಾನಿಯವರಿಗೆ,

ಮರಳಿನಲ್ಲಿ ಬ್ರೇಕ್! ಭೇಷ್. ಇಲ್ಲಿ ಓದಿ ಹೇಳಿದೆ, ವರ್ಕ್‌ಶಾಪಿಡೀ ಬಿದ್ದು ಬಿದ್ದು ನಕ್ಕಿತು. ಬ್ರೇಕ್ ಹಾಕಿದರೆ ಚಕ್ರದ ಮುಂದೆ ಮರಳಿನ ದಿಣ್ಣೆ ಏಳುತ್ತದೆ, ನೀವೇ ಕಟ್ಟಿದ ಗೋಡೆ ಅದು. ಕಾಲು ತೆಗೆದು ಸುಮ್ಮನೆ ಕೂರಿ, ಮರಳೇ ನಿಲ್ಲಿಸುತ್ತದೆ. ನಿಲ್ಲುವುದು ಯಾವತ್ತೂ ಇಳಿಜಾರಿಗೆ ಮೂತಿ ಮಾಡಿ. ಚಕ್ರ ನಿಂತಲ್ಲೇ ತಿರುಗಲು ಶುರುವಾದರೆ ಆ ಕ್ಷಣವೇ ಕಾಲು ತೆಗೆಯಬೇಕು. ಇನ್ನೂ ಒತ್ತಿದರೆ ಗಾಡಿ ಹೊಟ್ಟೆಯ ತನಕ ಹೂಳುತ್ತದೆ. ಬಂದ ಜಾಡಿನಲ್ಲೇ ಹಿಂದೆ ತೆಗೆಯಿರಿ, ಪುನಃ ವೇಗ ಹಿಡಿದು ಬನ್ನಿ. ಏನೇ ಆದರೂ ಗಾಡಿ ಬಿಟ್ಟು ನಡೆದು ಹೋಗಬೇಡಿ. ಮನುಷ್ಯನಿಗಿಂತ ಗಾಡಿ ದೂರದಿಂದ ಕಾಣುತ್ತದೆ.

ಏಳು ಗಂಟೆ ಯಾಕಾಯಿತು ಗೊತ್ತುಂಟಾ? ನೀವು ಬಿಸಿಲೇರಿದ ಮೇಲೆ ಹೊರಟಿರಿ. ತಂಪಿಗೆ ಮರಳು ಬಿಗಿಯಾಗಿರುತ್ತದೆ, ಒಂಬತ್ತು ಗಂಟೆಯ ಮೇಲೆ ಹಿಟ್ಟಿನ ಹಾಗೆ ಸಡಿಲ. ನಾನು ಯಾವಾಗಲೂ ಹಿಂದಿನ ಸಂಜೆ, ಮಗ್ರಿಬ್ ನಮಾಜು ಮುಗಿಸಿ, ಯಾರ್ಡಿನಲ್ಲೇ ಗಾಳಿ ಬಿಟ್ಟಿಡುತ್ತಿದ್ದೆ. ಬೆಳಗ್ಗೆ ಸುಬಹಿ ನಮಾಜು ಮುಗಿದ ಕೂಡಲೇ ಕೀಲಿ ತಿರುಗಿಸುವುದು, ಹೊರಡುವುದು. ತಂಪಿನ ಒಂದು ನಿಮಿಷವೂ ಹಾಳಾಗಬಾರದು. ಎಂಟು ಕಿಲೋಮೀಟರು ನಿಧಾನಕ್ಕೆ ಹೋದರೆ ಮೆತ್ತಗಿನ ಟೈರಿಗೆ ಏನೂ ಆಗುವುದಿಲ್ಲ. ನೀವೂ ಹಾಗೆ ಮಾಡಿ.

ಇನ್ನು ನಿಮಗೆ ಬೇಡದ ವಿಷಯ. ಕೊಗ್ಗ ನನ್ನ ಪಕ್ಕದ ಹಿತ್ತಿಲಿನವನು. ನಮ್ಮ ಅರಬಿ ಧಣಿ, ಕಫೀಲನ ಕೈಕಾಲು ಹಿಡಿದು ಅವನಿಗೆ ವೀಸಾ ತಂದುಕೊಟ್ಟವನು ನಾನು. ನೀವು ಕಂಪನಿಯ ಪರವಾಗಿ ಅವನ ಹೆಂಡತಿ ಸುಂದರಿಗೆ ಚಂದದ ಕನ್ನಡದಲ್ಲಿ ಕಾಗದ ಬರೆದಿರಲ್ಲ, "ಚಾಲಕನ ನಿರ್ಲಕ್ಷ್ಯದಿಂದ" ಎಂದು? ಸುಂದರಿಗೆ ಓದಲು ಬರುವುದಿಲ್ಲ. ಮಗಳು ಲೋಲಾಕ್ಷಿ ಓದಿ ಹೇಳಿದ್ದಾಳೆ, ಜಗಲಿಯಲ್ಲಿ ಸೇರಿದ ಊರೇ ಕೇಳಿದೆ. ನನ್ನ ಹೆಂಡತಿ ನಫೀಸತ್ ಬರೆಸಿದ್ದಾಳೆ, ಇಪ್ಪತ್ತು ವರ್ಷ ನಮ್ಮ ಬಾವಿಯಿಂದ ನೀರು ಸೇದಿದ ಸುಂದರಿ ಈಗ ಗದ್ದೆ ದಾಟಿ ಶಾಲೆಯ ಬಾವಿಗೆ ಹೋಗುತ್ತಾಳಂತೆ. ನಮ್ಮ ಅಂಗಳದ ಎದುರಿನಿಂದಲೇ, ತಲೆ ತಿರುಗಿಸದೆ. ನಾನು ಬರೆದ ನಾಲ್ಕು ಕಾಗದ ಒಡೆಯದೆ ವಾಪಸ್ ಬಂತು. ಕೆಲಸ ಹೋದದ್ದು ಹಾಳಾಗಿ ಹೋಗಲಿ. ಜನವರಿಯಲ್ಲಿ ನಾನು ಆ ಅಂಗಳಕ್ಕೆ ಯಾವ ಮುಖ ಹೊತ್ತು ಹೋಗುವುದು?

ಉಮರಬ್ಬ


ಆದಂ ಯಾರ್ಡ್
4 ನವೆಂಬರ್ 1986

ಶ್ರೀ ಉಮರಬ್ಬ ಅವರಿಗೆ,

ಆ ಕಾಗದದಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಸುಂದರಿಯ ಗಂಡ ಹೇಗೆ ಸತ್ತ ಎಂದು ತಿಳಿಯುವ ಹಕ್ಕು ಸುಂದರಿಗಿದೆ.

ಕೊಗ್ಗ ನಿಮ್ಮೊಬ್ಬರ ಆಸ್ತಿಯಲ್ಲ. ಕಳೆದ ವರ್ಷ ನನಗೆ ಟೈಫಾಯ್ಡ್ ಬಂದಾಗ ಹತ್ತು ದಿನ ಗಂಜಿ ಕಾಯಿಸಿ ಕೋಣೆಗೆ ತಂದವನು ಅವನು. ಅಣ್ಣ ತಮ್ಮ ಮಾಡಲಿಕ್ಕಿಲ್ಲ ಅಷ್ಟು ಮಾಡಿದ. ಅವನನ್ನು ನೀವು ಕ್ಯಾಂಪಿನ ಅಡುಗೆಗೆಂದು ಕೂರಿಸಿಕೊಂಡು ಹೋದಿರಿ. ಗಾಡಿ ಹೂತಿತು. ಮೇ ತಿಂಗಳ ಬಿಸಿಲಿನಲ್ಲಿ, ನೆರಳಿಲ್ಲದ ಕಡೆ, ಆರು ಗಂಟೆ ಮರಳು ಬಗೆದಿರಿ. ಒಲೆಯ ಮುಂದೆ ನಿಂತು ಅಭ್ಯಾಸದವನ ಕೈಗೂ ಸಲಿಕೆ ಕೊಟ್ಟಿರಿ. ನಾವು ಬರುವಾಗ ಅವನಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ, ಬೆವರೂ ನಿಂತಿತ್ತು. ಎಲ್ಲ ನಲವತ್ತು ಪೌಂಡು ಗಾಳಿ ತುಂಬಿಕೊಂಡು. ಈಗ ನನಗೂ ತಿಳಿದಿದೆ, ಗಾಳಿ ಬಿಟ್ಟರೆ ಅದು ಅರ್ಧ ಗಂಟೆಯ ಕೆಲಸ. ಮೂರು ವಾರದ ಶಿಷ್ಯನಿಗೆ ತಿಳಿದದ್ದು ಹದಿನಾಲ್ಕು ವರ್ಷದ ಗುರುವಿಗೆ ತಿಳಿಯಲಿಲ್ಲವಾ? ಥೂ.

ಸಂಜೆಯೇ ಗಾಳಿ ಬಿಡುವ ನಿಮ್ಮ ಉಪಾಯವನ್ನು ಬರುವ ಟ್ರಿಪ್ಪಿನಲ್ಲಿ ಮಾಡಿ ನೋಡುತ್ತೇನೆ.

ಸ್ಟ್ಯಾನಿ


ಘಾಲಾ
24-11-86

ಸ್ಟ್ಯಾನಿಯವರಿಗೆ,

ಎರಡು ಸಲ ಮೋನು ಬರಿಗೈಯಲ್ಲಿ ಬಂದ. ಮರಳಿನಲ್ಲಿ ಹೂತೇ ಹೋದರೋ ಎಂದು ಕೇಳಿದೆ. "ಇಲ್ಲ ಕಾಕ, ಇದ್ದಾರೆ. ಆದ್ರೆ ಯಾರ ಹತ್ರವೂ ಮಾತಾಡುದಿಲ್ಲ, ಮೆಸ್ಸಿನಲ್ಲಿ ಊಟವೂ ಸಮ ಮಾಡುದಿಲ್ಲ" ಎಂದ. ಎಂತ, ಗಾಡಿ ಮಗುಚಿದಿರಾ? ಈಗ ನಿಮ್ಮ ಮೇಲೆ ರಿಪೋರ್ಟ್ ಬರೆಯುವವರು ಯಾರು? ಪೆನ್ನು ಬೇಕಾದರೆ ಇಲ್ಲಿಂದ ಕಳಿಸುತ್ತೇನೆ.

ಮರಳದಿಣ್ಣೆಯ ಮೈಮೇಲೆ ಅಡ್ಡಡ್ಡ ಹೋಗಬೇಡಿ. ಏರುವುದಾದರೆ ನೇರ, ಇಳಿಯುವುದಾದರೂ ನೇರ. ಅಡ್ಡ ಹೋದವನು ಉರುಳುತ್ತಾನೆ. ಇದನ್ನು ಮೊದಲೇ ಬರೆಯಬೇಕಿತ್ತು, ಬೈಯುವ ಭರದಲ್ಲಿ ಬಿಟ್ಟುಹೋಯಿತು.

ಉಮರಬ್ಬ


ಆದಂ ಯಾರ್ಡ್
27 ನವೆಂಬರ್ 1986

ಮಾನ್ಯ ಉಮರಬ್ಬನವರೇ,

ನಿಮ್ಮ ಸಲಹೆಗಳಿಂದ ತುಂಬ ಉಪಕಾರವಾಗಿದೆ. ಗಾಡಿ ಮಗುಚಿಲ್ಲ. ಆರೋಗ್ಯವಾಗಿದ್ದೇನೆ. ನೀವೂ ಆರೋಗ್ಯವಾಗಿದ್ದೀರೆಂದು ನಂಬುತ್ತೇನೆ.

ಒಂದು ವಿಷಯ ಕೇಳಬೇಕಿತ್ತು. ಮೇ ಆರರ ಬೆಳಗ್ಗೆ ನೀವು ಗಾಡಿಯ ಹತ್ತಿರ ಹೋದದ್ದು ಎಷ್ಟು ಗಂಟೆಗೆ? ನಮಾಜಿಗೆ ಮೊದಲೋ, ನಂತರವೋ? ಹೊರಡುವ ಮುನ್ನ ಟೈರುಗಳನ್ನು ನೋಡಿದ್ದಿರಾ? ನೆನಪಿದ್ದಷ್ಟು ಬರೆದರೆ ಸಾಕು.

ಸ್ಟ್ಯಾನಿ


ಘಾಲಾ
1-12-86

ಸ್ಟ್ಯಾನಿಯವರಿಗೆ,

ಓಹೋ! ಮಾನ್ಯ ಉಮರಬ್ಬನವರೇ! ಇಷ್ಟು ಬೆಣ್ಣೆ ಯಾಕೆಂದು ಎರಡು ಸಲ ಓದಿದೆ. ಗೊತ್ತಾಯಿತು. ಮ್ಯಾನೇಜರ್ ಇನ್ನೊಂದು ರಿಪೋರ್ಟ್ ಕೇಳಿದ್ದಾರೆ, ನನ್ನ ಕೈಬರಹದಲ್ಲೇ ಏನಾದರೂ ಸಿಕ್ಕಿದರೆ ವೀಸಾ ಮುಗಿಯುವ ಮೊದಲೇ ಓಡಿಸಬಹುದು. ಪೊಲೀಸರ ಹಾಗೆ ಎಷ್ಟು ಗಂಟೆಗೆ, ಮೊದಲೋ ನಂತರವೋ ಎಂದೆಲ್ಲ ಕೇಳುತ್ತೀರಿ. ಆಗಲಿ, ಬರೆದುಕೊಳ್ಳಿ. ನನಗೆ ಹೆದರಿಕೆ ಇಲ್ಲ.

ಊರಿನಿಂದ ರಜೆ ಮುಗಿಸಿ ನಾನು ಯಾರ್ಡಿಗೆ ಬಂದದ್ದು ಮೇ ನಾಲ್ಕಕ್ಕೆ. ಐದರ ಸಂಜೆ ನಾಲ್ಕು ಟೈರಿನದ್ದೂ ಗಾಳಿ ಬಿಟ್ಟೆ, ಗೇಜ್ ಇಟ್ಟು ನೋಡಿದೆ, ಹದಿನೆಂಟು. ಬೆಳಗ್ಗೆ ಎದ್ದು ಸೀದಾ ನಮಾಜಿಗೆ ಹೋದೆ. ಮುಗಿಸಿ ಬರುವಾಗ ಕೊಗ್ಗ ಫ್ಲಾಸ್ಕು ಹಿಡಿದುಕೊಂಡು ಗಾಡಿಯಲ್ಲಿ ಕೂತಿದ್ದ. ನಾನು ಊರಿನಿಂದ ಅವನ ಮನೆಯ ಹಲಸಿನ ಹಪ್ಪಳ ತಂದುಕೊಟ್ಟಿದ್ದೆ, ಅದನ್ನು ಅಷ್ಟು ಬೆಳಗ್ಗೆ ಹುರಿದುಕೊಂಡು ಬಂದಿದ್ದ. ಲೋಲಾಕ್ಷಿ ಈ ಸಲ ಶಾಲೆಗೇ ಮೊದಲು ಬಂದಳಂತೆ ಎಂದು ಹೇಳಿದೆ. "ಅವ್ಳಿಗೆ ನನ್ನ ತಲೆ ಉಮರಾಕ" ಎಂದ. ನಕ್ಕೆವು, ಹೊರಟೆವು. ಟೈರು ನೋಡಲಿಲ್ಲ. ಯಾಕೆ ನೋಡಬೇಕು? ನನ್ನ ಕೈಯಿಂದಲೇ ಗಾಳಿ ಬಿಟ್ಟದ್ದಲ್ಲವಾ?

ಬರೆದದ್ದಾಯಿತು. ಎಲ್ಲಿ ಬೇಕಾದರೂ ತೋರಿಸಿ.

ಉಮರಬ್ಬ


ಆದಂ ಯಾರ್ಡ್
9 ಡಿಸೆಂಬರ್ 1986

ಉಮರಬ್ಬನವರೇ,

ನೀವು ಸುಳ್ಳು ಹೇಳಿರಲಿಲ್ಲ. ನಾನೂ ಸುಳ್ಳು ಬರೆದಿರಲಿಲ್ಲ. ಸಂಜೆ ಹದಿನೆಂಟಿದ್ದದ್ದು ನಿಜ. ನಾನು ಕಂಡ ನಲವತ್ತೂ ನಿಜ.

ನವೆಂಬರ್ ಹತ್ತರ ಸಂಜೆ ನೀವು ಹೇಳಿದಂತೆ ಯಾರ್ಡಿನಲ್ಲೇ ಗಾಳಿ ಬಿಟ್ಟೆ. ಬೆಳಗ್ಗೆ ತಂಪಿಗೇ ಹೊರಟೆ. ಮರಳಿಗಿಳಿದು ಇನ್ನೂರು ಮೀಟರ್ ಹೋಗಿಲ್ಲ, ಗಾಡಿ ಕುಸಿಯಿತು. ಕಾಲು ತೆಗೆದೆ, ಹಿಂದೆ ತೆಗೆಯಲು ನೋಡಿದೆ, ಆಗಲಿಲ್ಲ. ನಿಮಗೆ ಬಾಯಿ ತುಂಬ ಬೈದೆ. ಆಮೇಲೆ ಗೇಜ್ ತೆಗೆದೆ. ಹಿಂದಿನ ಸಂಜೆ ಸರಿಯಾಗಿ ಬಿಟ್ಟಿದ್ದೇನೋ ಇಲ್ಲವೋ ಎಂದು ನನಗೆ ನನ್ನ ಕೈಯ ಮೇಲೇ ನಂಬಿಕೆ ಇರಲಿಲ್ಲ. ನಾಲ್ಕರಲ್ಲೂ ನಲವತ್ತು. ಅಲ್ಲೇ ಮರಳಿನಲ್ಲಿ ಕೂತುಬಿಟ್ಟೆ. ಗಾಳಿ ಬಿಟ್ಟ ಮೇಲೆ ಇಪ್ಪತ್ತು ನಿಮಿಷದಲ್ಲಿ ಗಾಡಿ ಎದ್ದು ಬಂತು.

ಯಾರ್ಡಿಗೆ ಬಂದು ಕಂಪ್ರೆಸರಿನ ಬೋಜನನ್ನು ಕರೆದೆ.

"ನನ್ನ ಗಾಡಿಯ ಟೈರಿಗೆ ಗಾಳಿ ಹೊಡೆದದ್ದು ಯಾರು?"

"ನಾನೇ ಸಾರ್. ನಾಲ್ಕೂ ಚಪ್ಪಟೆ ಆಗಿತ್ತು. ಎಂತ, ತಪ್ಪಾಯ್ತಾ?"

"ಯಾರು ಹೇಳಿದ್ದು ಹೊಡೀಲಿಕ್ಕೆ?"

"ನೀವೇ ಅಲ್ವಾ? ಬೆಳಗ್ಗೆ ಯಾರ್ಡಿನಲ್ಲಿ ಎಷ್ಟು ಗಾಡಿ ಉಂಟೋ ಅಷ್ಟಕ್ಕೂ ನಲ್ವತ್ತು ಇರ್ಬೇಕು, ಕಮ್ಮಿ ಕಂಡ್ರೆ ಹೊಡಿ ಅಂತ. ಬೋರ್ಡಿನಲ್ಲಿ ಅಂಟಿಸಿದ್ದೀರಿ ನೋಡಿ."

"ಉಮರಬ್ಬನ ಗಾಡಿಗೆ? ಮೇ ತಿಂಗಳಲ್ಲಿ?"

"ಅದಕ್ಕೂ ಹೊಡ್ದಿದ್ದೆ. ಪಾಪ, ಹಿರಿಯವ್ರು ನಮಾಜಿಗೆ ಹೋಗಿದ್ರು. ಅವ್ರು ಬರುದ್ರೊಳಗೆ ಮಾಡಿ ಇಡುವಾ ಅಂತ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾರಾಯ?"

"ಯಾರೂ ಕೇಳ್ಲಿಲ್ಲ ಸಾರ್."

ಆ ಆರ್ಡರ್ ನನ್ನದೇ. ಏಪ್ರಿಲ್ ಇಪ್ಪತ್ತೆರಡರಂದು ಹೊರಡಿಸಿದ್ದು, ನೀವು ರಜೆಯಲ್ಲಿದ್ದಾಗ. ಜಲ್ಲಿ ರಸ್ತೆಯಲ್ಲಿ ಗಾಳಿ ಕಮ್ಮಿಯಿದ್ದ ಎರಡು ಟೈರು ಒಡೆದಿತ್ತು, ಅದಕ್ಕೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿ ಅಂಟಿಸಿದ್ದೆ. ಮರಳಿಗೆ ಹೋಗುವ ಗಾಡಿ ಬೇರೆ ಎಂದು ನನ್ನ ತಲೆಗೆ ಹೋಗಲಿಲ್ಲ. ರಿಪೋರ್ಟ್ ಬರೆಯುವಾಗಲೂ ಹೋಗಲಿಲ್ಲ. ಕೊಗ್ಗ ಸತ್ತ ಬೆಳಗ್ಗೆ ನಿಮ್ಮ ಟೈರಿಗೆ ಗಾಳಿ ಹೊಡೆಸಿದವನು ನಾನು.

ಇದು ಗೊತ್ತಾಗಿ ನಾಲ್ಕು ವಾರ ಬಚ್ಚಿಟ್ಟೆ. ನನ್ನ ಹೆಂಡತಿ ಆಲಿಸ್ ಮತ್ತು ಮಕ್ಕಳ ಫ್ಯಾಮಿಲಿ ವೀಸಾ ಮಾರ್ಚಿಗೆ ಆಗುವುದರಲ್ಲಿತ್ತು. ಬಾಯಿ ಬಿಟ್ಟರೆ ಅದು ಹೋಗುತ್ತದೆಂದು ಹೆದರಿದೆ. ನೀವು ಟೈರು ನೋಡಿರಲಿಲ್ಲ ಎಂದು ನಿಮ್ಮ ಬಾಯಿಂದಲೇ ಬಂದರೆ ನನ್ನ ಭಾರ ಅರ್ಧವಾಗುತ್ತದೆ ಎಂದು ಆ ಕಾಗದ ಬರೆದೆ. ಬೆಣ್ಣೆ ಹಚ್ಚಿದ್ದು ಹೌದು.

ಭಾರ ಅರ್ಧವಾಗಲಿಲ್ಲ. ಆದರೂ ಒಂದು ಮಾತು ಕೇಳುತ್ತೇನೆ, ಬೇಕಾದಷ್ಟು ಬೈಯಿರಿ. ಬೆಳಗ್ಗೆ ನೋಡದಿದ್ದದ್ದು ಸರಿ. ಹೂತ ಮೇಲೆ ಆರು ಗಂಟೆ ಇತ್ತಲ್ಲ? ಏನೂ ಗೊತ್ತಿಲ್ಲದ ನಾನು ಗೇಜ್ ಇಟ್ಟೆ. ಎಲ್ಲ ಗೊತ್ತಿದ್ದ ನೀವು ಒಮ್ಮೆಯಾದರೂ ಕೈ ಇಟ್ಟಿದ್ದರೆ ಕೊಗ್ಗ ಇರುತ್ತಿದ್ದ.

ಏನು ಮಾಡಬೇಕೆಂದು ಹೇಳಿ, ಮಾಡುತ್ತೇನೆ.

ಸ್ಟ್ಯಾನಿ


ಘಾಲಾ
15-12-86

ಸ್ಟ್ಯಾನಿ,

ಇನ್ನು ನಿನಗೆ ಬಹುವಚನ ಇಲ್ಲ.

ಕಾಗದ ಓದಿ ಮುಗಿಸಿದಾಗ ನೀನು ಎದುರಿಗಿದ್ದಿದ್ದರೆ ಸ್ಪ್ಯಾನರಿನಿಂದ ತಲೆ ಒಡೆಯುತ್ತಿದ್ದೆ. ಏಳು ತಿಂಗಳು! ಏಳು ತಿಂಗಳು ನಾನು ನನ್ನ ಕೈಯನ್ನೇ ನೋಡಿಕೊಂಡು ಕೂತಿದ್ದೇನೆ. ನಿನಗೆ ಎಷ್ಟೇ ಗಟ್ಟಿಯಾಗಿ ಬರೆದರೂ ಒಳಗೊಳಗೆ, ಗಾಳಿ ಬಿಟ್ಟೆನೋ, ಬಿಡಲಿಲ್ಲವೋ, ನನಗೆ ಅರಳುಮರಳು ಶುರುವಾಯಿತೋ ಎಂದು ಹುಚ್ಚು ಹಿಡಿದಿತ್ತು. ನೀನು ಬೋಜನನ್ನು ಒಂದು ಮಾತು ಕೇಳಿದ್ದರೆ ಆಗಿತ್ತು. ನಾಲ್ಕು ಟೈರಿಗೆ ಗೇಜ್ ಇಟ್ಟೆ, ಒಬ್ಬ ಮನುಷ್ಯನನ್ನು ಕೇಳಲಿಲ್ಲ. ನಿನ್ನನ್ನು ನಾನು ಮಾಫಿ ಮಾಡುವುದಿಲ್ಲ. ಇಲ್ಲಿಯೂ ಇಲ್ಲ, ಮೇಲೆಯೂ ಇಲ್ಲ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಇದನ್ನು ನಾನು ಮ್ಯಾನೇಜರಿಗೆ ಹೇಳಿಲ್ಲ, ನಫೀಸತಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ.

ಕೈ ಇಟ್ಟವನು ಒಬ್ಬನಿದ್ದ. ಎರಡು ಗಂಟೆ ಬಗೆದ ಮೇಲೆ ಕೊಗ್ಗ ಹಿಂದಿನ ಚಕ್ರಕ್ಕೆ ಒರಗಿ ಕೂತ. ಟೈರಿನ ಮೇಲೆ ಕೈ ಇಟ್ಟು ಹೇಳಿದ, "ಉಮರಾಕ, ಈ ಟೈರು ಭಾರೀ ಗಟ್ಟಿ ಉಂಟಲ್ಲಾ?" ನಾನು ತಿರುಗಿಯೂ ನೋಡಲಿಲ್ಲ. "ನೀನು ಸಾರಿನ ಉಪ್ಪು ನೋಡು, ಟೈರು ನಾನು ನೋಡ್ಕೊಳ್ತೇನೆ" ಎಂದೆ. ಅವನು ನಕ್ಕ. ಎದ್ದು ಪುನಃ ಸಲಿಕೆ ಹಿಡಿದ. ಆಮೇಲೆ ಆ ಮಾತು ಎತ್ತಲಿಲ್ಲ. ಗಾಳಿ ಬಿಟ್ಟವನು ನಾನು, ಆದ್ದರಿಂದ ತಪ್ಪು ಮರಳಿನದ್ದೇ ಎಂದು ಇನ್ನೂ ನಾಲ್ಕು ಗಂಟೆ ಬಗೆದೆ. ಅವನೂ ಬಗೆದ.

ಏನು ಮಾಡಬೇಕು ಎಂದು ಕೇಳಿದೆಯಲ್ಲ? ಮ್ಯಾನೇಜರಿಗೆ ಬರೆ, ಬಿಡು, ಅದು ನಿನ್ನಿಷ್ಟ. ಸುಂದರಿಗೆ ಬರೆ. ಚಂದದ ಕನ್ನಡ ಬೇಡ, ಲೋಲಾಕ್ಷಿ ಓದಿದರೆ ತಾಯಿಗೆ ಅರ್ಥವಾಗಬೇಕು. ನಿನ್ನ ಆರ್ಡರು ಬರೆ, ಬೋಜ ಬರೆ, ನಾನು ಬೆಳಗ್ಗೆ ನೋಡದಿದ್ದದ್ದು ಬರೆ. ಕೊಗ್ಗ ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಮಾತಿಗೆ ಮಾತು ಬರೆ. ಹೋದ ಸಲ ನೀನು ಅರ್ಧ ಬರೆದು ಕಳಿಸಿದೆ. ಈ ಸಲ ಪೂರ್ತಿ ಹೋಗಲಿ.

ಉಮರಬ್ಬ


ಆದಂ ಯಾರ್ಡ್
4 ಜನವರಿ 1987

ಉಮರಬ್ಬನವರೇ,

ಸುಂದರಿಗೆ ಕಾಗದ ರಿಜಿಸ್ಟರ್ ಮಾಡಿ ಕಳಿಸಿದ್ದೇನೆ. ನಿಜ್ವಾ ಪಟ್ಟಣದ ಪೋಸ್ಟಾಫೀಸಿಗೆ ನಾನೇ ಹೋಗಿ ಹಾಕಿ ಬಂದೆ. ಉಪ್ಪಿನ ಮಾತನ್ನು ಬಿಟ್ಟುಬಿಡೋಣ ಎಂದು ಎರಡು ಸಲ ಹೊಡೆದುಹಾಕಿದೆ. ಆಮೇಲೆ ಪುನಃ ಬರೆದೆ. ನೀವು ಹೇಳಿದ ಹಾಗೆಯೇ ಇದೆ.

ಮ್ಯಾನೇಜರಿಗೂ ಬರೆದು ಕೊಟ್ಟೆ. ಓದಿ ಡ್ರಾವರಿನಲ್ಲಿ ಹಾಕಿದರು. ಫೈಲ್ ಕ್ಲೋಸ್ ಆಗಿದೆ, ಹಳೆಯದನ್ನು ಕೆದಕಬೇಡ ಎಂದರು. ನಿಮ್ಮ ಪರ್ಮಿಟ್ ಬರುವುದಿಲ್ಲ, ವೀಸಾವೂ ಇಲ್ಲ. ಮರುದಿನ ಆಲಿಸ್‌ಳ ವೀಸಾದ ಕಾಗದಗಳು ನನ್ನ ಮೇಜಿಗೆ ವಾಪಸ್ ಬಂದವು, ಯಾಕೆಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬೋರ್ಡಿನಲ್ಲಿದ್ದ ಆರ್ಡರನ್ನು ಹರಿದು ಹಾಕಿದ್ದೇನೆ. ಬೋಜ ನನ್ನನ್ನು ಕಂಡರೆ ಈಗ ದೂರ ಹೋಗುತ್ತಾನೆ. ಅವನು ಊಟ ಬಿಟ್ಟಿದ್ದಾನೆ ಎಂದು ಮೆಸ್ಸಿನವರು ಹೇಳಿದರು.

ನೀವು ಮಾಫಿ ಮಾಡುವುದಿಲ್ಲ ಎಂದಿದ್ದೀರಿ. ನಾನು ಕೇಳಿಯೂ ಇಲ್ಲ. ಉಪ್ಪಿನ ಮಾತು ಓದಿದ ಮೇಲೆ ನನಗೂ ನಿಮ್ಮ ಮೇಲಿನ ಸಿಟ್ಟು ಹೆಚ್ಚೇ ಆಗಿದೆ. ಊರು ತಲುಪಿದ ಮೇಲೆ ಸುಂದರಿ ಏನಂದಳೆಂದು ಒಂದು ಸಾಲು ಬರೆಯಿರಿ. ಅಷ್ಟೇ ಸಾಕು.

ಸ್ಟ್ಯಾನಿ


ಕನ್ಯಾನ
22-2-87

ಸ್ಟ್ಯಾನಿ,

ನೀನು ಒಂದು ಸಾಲು ಕೇಳಿದ್ದೆ. ಒಂದು ಸಾಲಿನಲ್ಲಿ ಮುಗಿಯುವುದಿಲ್ಲ.

ನನಗಿಂತ ಮೊದಲೇ ನಿನ್ನ ಕಾಗದ ಬಂದಿತ್ತು. ಲೋಲಾಕ್ಷಿ ಜಗಲಿಯಲ್ಲಿ ಓದಿದಳಂತೆ, ಊರೂ ಕೇಳಿತಂತೆ. ನಾನು ಬಸ್ಸಿನಿಂದ ಇಳಿದಾಗ ಹೋಟೆಲಿನ ಮುಂದೆ ಕೂತಿದ್ದವರು ಎದ್ದು ಬಂದರು. "ಬ್ಯಾರಿಯವರೇ, ನಿಮ್ಮದು ತಪ್ಪಿಲ್ಲ ಅಂತ ಗೊತ್ತಾಯ್ತು, ಆ ಸ್ಟೋರಿನವನದ್ದಂತೆ" ಎಂದರು. ಊರಿಗೆ ಅಷ್ಟೇ ಕೇಳಿಸಿತು. ಒಬ್ಬ ನನ್ನ ಪೆಟ್ಟಿಗೆ ಹೊತ್ತು ಮನೆಯ ತನಕ ಬಂದ. ಅದು ಪೂರ್ತಿ ಅಲ್ಲ ಎಂದು ನಾನೂ ತಿದ್ದಲಿಲ್ಲ. ಎಂಟು ತಿಂಗಳ ಮೇಲೆ ತಲೆಯೆತ್ತಿ ನಡೆದೆ, ಸುಳ್ಳು ಯಾಕೆ ಹೇಳಲಿ, ಸುಖವಾಯಿತು.

ಸುಂದರಿ ಮೂರು ದಿನ ಬರಲಿಲ್ಲ. ನಾಲ್ಕನೆಯ ಬೆಳಗ್ಗೆ ಕೊಡ ಹಿಡಿದುಕೊಂಡು ನಮ್ಮ ಬಾವಿಗೆ ಬಂದಳು. ನಫೀಸತ್ ಓಡಿಹೋಗಿ ಹಗ್ಗ ಕೊಟ್ಟಳು, ಕಣ್ಣೊರೆಸಿಕೊಂಡಳು. ನಾನು ಜಗಲಿಯಿಂದ ಇಳಿದು ಹೋದೆ. ಎಂತ ಹೇಳಬೇಕೆಂದು ವಿಮಾನದಲ್ಲೆಲ್ಲ ಯೋಚಿಸಿಕೊಂಡು ಬಂದಿದ್ದೆ. ಅವಳು ನೀರು ಸೇದಿ, ಕೊಡ ತುಂಬಿಸಿ, ಹಗ್ಗ ಸುತ್ತಿಟ್ಟಳು. ಆಮೇಲೆ ನನ್ನನ್ನು ನೋಡಿದಳು.

"ಅವ್ರು ಟೈರು ಗಟ್ಟಿ ಉಂಟು ಅಂತ ಹೇಳಿದ್ದು ಹೌದಾ?"

"ಹೌದು" ಎಂದೆ.

"ಒಮ್ಮೆ ಮುಟ್ಟಿ ನೋಡ್ಲಿಕ್ಕೆ ಎಂತ ಆಗಿತ್ತು ಉಮರಾಕ?"

ಬೈಯಲಿಲ್ಲ, ಅಳಲಿಲ್ಲ. ಸುಮ್ಮನೆ ಕೇಳಿದಳು. ಆಮೇಲೆ ಕೊಡ ಎತ್ತಿಕೊಂಡು ಹೋದಳು. ಈಗ ದಿನಾ ಬರುತ್ತಾಳೆ. ನಫೀಸತ್ ಹತ್ತಿರ ಮಾತಾಡುತ್ತಾಳೆ. ಹಗ್ಗದ ಸದ್ದು ಕೇಳಿದ ಕೂಡಲೇ ನಾನು ಜಗಲಿಯಿಂದ ಎದ್ದು ಒಳಗೆ ಹೋಗುತ್ತೇನೆ.

ಇನ್ನು ನನಗೆ ಬರೆಯಬೇಡ, ನಾನೂ ಬರೆಯುವುದಿಲ್ಲ. ಬೋಜನಿಗೆ ಊಟ ಮಾಡಲು ಹೇಳು, ಅವನದೇನೂ ತಪ್ಪಿಲ್ಲ. ಹೊಸ ಡ್ರೈವರ್ ಬಂದಾಗ ಹಬ್ಬು, ಬ್ರೇಕು, ದಿಣ್ಣೆ ಎಲ್ಲ ಹೇಳಿಕೊಡುತ್ತೀ, ಗೊತ್ತು. ಇದೊಂದನ್ನು ಮೊದಲು ಹೇಳು. ಪಕ್ಕದಲ್ಲಿ ಕೂತವನು ಟೈರು ಗಟ್ಟಿ ಉಂಟು ಎಂದರೆ, ಅವನು ಅಡುಗೆಯವನೇ ಆಗಿರಲಿ, ಇಳಿದು ಹೋಗಿ ಮುಟ್ಟಿ ನೋಡಬೇಕು.

ಉಮರಬ್ಬ